ನೀಲವ್ವ ಕೇಳಿದ ಸೋಮವಾರ

ಕೊರೊನಾದ ಕಾಟ ಇಳಿದು, ಬಸ್ಸಿನಲ್ಲಿ ಜನ ಮುಖಗವಸನ್ನು ಗದ್ದಕ್ಕೆ ಜಾರಿಸಿಕೊಂಡು ಮತ್ತೆ ಮಾತಾಡತೊಡಗಿದ ವರ್ಷ ಅದು. ನಾನಾಗ ಬೈಲಹೊಂಗಲದಲ್ಲಿ, ಮಹಿಳಾ ಸ್ವಸಹಾಯ ಸಂಘಗಳಿಗೆ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆಗೆ ಅರೆಕಾಲಿಕ ತರಬೇತುದಾರಳಾಗಿ ಸೇರಿಕೊಂಡಿದ್ದೆ. ಅದಕ್ಕೂ ಮೊದಲು ಇಪ್ಪತ್ತು ವರ್ಷಗಳಿಗೂ ಮೀರಿ ನನ್ನ ಉದ್ಯೋಗವೆಂದರೆ ಮನೆ. ಮಗಳು ಹುಬ್ಬಳ್ಳಿಯ ಹಾಸ್ಟೆಲಿಗೆ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾದವು. ನಮ್ಮವರು ವಕೀಲರು, ಕೋರ್ಟಿನಿಂದ ಬರುವುದು ಸಂಜೆಗೆ. ಸಂಸ್ಥೆಯ ತರಬೇತಿ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ಊರಲ್ಲಿ ಒಬ್ಬಳಿದ್ದಾಳೆ ಎಂದು ಯಾರೋ ಹೇಳಿ, ಸಂಸ್ಥೆಯ ಸಂಯೋಜಕರು ಮನೆಗೇ ಬಂದು ಕೇಳಿದರು. ಅತ್ತೆಯವರು ಅವರಿಗೆ ಚಹಾ ಕೊಟ್ಟು, "ಕರಕೊಂಡ ಹೋಗ್ರಿ. ಮನ್ಯಾಗ ಕುಂತು ಪಾತೇಲಿ ತಿಕ್ಕಿ ತಿಕ್ಕಿ ಅವುಕ್ಕ ತೂತ ಬೀಳಾಕ ಬಂದಾವ" ಎಂದರು. ಅದೇ ನನ್ನ ನೇಮಕಾತಿ ಆದೇಶ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳು ನನ್ನ ಪಾಲಿಗೆ ಬಂದವು. ಆ ದಿನಗಳನ್ನು ನೆನೆದರೆ ಇವತ್ತಿಗೂ ಮೊದಲು ಮೂಗಿಗೆ ಬರುವುದು ಸ್ಕೆಚ್ ಪೆನ್ನಿನ ವಾಸನೆ, ಆಮೇಲೆ ಬಸ್ಸಿನ ಕಿಟಕಿಯಿಂದ ಒಳಬರುತ್ತಿದ್ದ ಎರೆಮಣ್ಣಿನ ವಾಸನೆ. ಕಿತ್ತೂರಿನ ಕಡೆ ಹೋದರೆ ಗಾಳಿ ತುಸು ತಣ್ಣಗೆ, ರಾಮದುರ್ಗದ ಕಡೆ ಹೋದರೆ ಕಲ್ಲುಗುಡ್ಡಗಳ ಕಾವು. ಹೆಗಲಿಗೆ ಒಂದು ಬಟ್ಟೆಯ ಚೀಲ, ಅದರಿಂದ ಹೊರಗೆ ಚಾಚಿಕೊಂಡ ಚಾರ್ಟ್ ಪೇಪರಿನ ಸುರುಳಿಗಳು. ಸವದತ್ತಿ ಬಸ್ಸಿನ ಕಂಡಕ್ಟರ್ ಒಬ್ಬರು ನನ್ನನ್ನು ಕಂಡಾಗಲೆಲ್ಲ, "ಏನ್ ಅಕ್ಕೋರ, ಬಾಣ ಹೊತಗೊಂಡು ಇವತ್ತ ಯಾವ ಯುದ್ಧಕ್ಕ?" ಎನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಮೊದಲ ಸಲ ಆ ಹೆಸರಿನಿಂದ ಕರೆಸಿಕೊಂಡ ದಿನ ನಾನು ಸೀಟಿನಲ್ಲಿ ಸ್ವಲ್ಪ ನೆಟ್ಟಗೆ ಕೂತಿದ್ದು ನೆನಪಿದೆ.

ಕೈಪಿಡಿಯ ಮೊದಲ ಅಧ್ಯಾಯಗಳು ಉಳಿತಾಯ, ಸಭೆ ನಡೆಸುವುದು, ಇಂಥವು. ಅವು ಹೆಣ್ಣುಮಕ್ಕಳಿಗೆ ನನಗಿಂತ ಚೆನ್ನಾಗಿ ಬರುತ್ತಿದ್ದವು. ತೊಡಕಿದ್ದುದು 'ವಿಷನ್ ಎಕ್ಸರ್‌ಸೈಜ್' ಎಂಬ ಅಧ್ಯಾಯದಲ್ಲಿ. ಎಲ್ಲರನ್ನೂ ಸುತ್ತ ಕೂರಿಸಬೇಕು, ಕಣ್ಣು ಮುಚ್ಚಲು ಹೇಳಬೇಕು, ಐದು ವರ್ಷದ ನಂತರ ನಿಮ್ಮ ಬದುಕು ಹೇಗಿದ್ದರೆ ನಿಮಗೆ ಖುಷಿ ಎಂದು ಕೇಳಬೇಕು. ಮನಸ್ಸಿಗೆ ಬಂದದ್ದನ್ನು ಅವರು ಚಾರ್ಟಿನ ಮೇಲೆ ಚಿತ್ರವಾಗಿ ಬಿಡಿಸಬೇಕು. ಸಂಘದ ಮುಂದಿನ ಕೆಲಸವೆಲ್ಲ ಆ ಚಿತ್ರಗಳ ಮೇಲೆ ನಿಲ್ಲಬೇಕು. ಇದಕ್ಕೆ ಕೊಟ್ಟ ಸಮಯ ನಲವತ್ತು ನಿಮಿಷ, ಚಹಾ ಸೇರಿ.

ಕಿತ್ತೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೊದಲ ಸಲ ಇದನ್ನು ಮಾಡಿಸಿದೆ. ಕಣ್ಣು ಮುಚ್ಚಿದವರಲ್ಲಿ ಒಬ್ಬಾಕೆ ಗೊರಕೆ ಹೊಡೆದರು. ಉಳಿದವರು ಸ್ಕೆಚ್ ಪೆನ್ನು ಹಿಡಿದು ಬಹಳ ಶ್ರದ್ಧೆಯಿಂದ ಕೆಳಗೆ ಬಾಗಿದರು. ಅರ್ಧ ತಾಸಿನ ನಂತರ ನೋಡಿದರೆ ಚಾರ್ಟುಗಳ ತುಂಬ ರಂಗೋಲಿ. ಎಸಳು ಎಸಳಾಗಿ ಬಿಚ್ಚಿದ ಕಮಲ, ಶಂಖ, ಆಕಳ ಪಾದ. ಚುಕ್ಕಿಯಿಟ್ಟು ಗೆರೆ ಎಳೆಯುವುದನ್ನು ಬಿಟ್ಟು ಬೇರೆ ಚಿತ್ರವನ್ನು ಆ ಕೈಗಳು ಯಾವತ್ತೂ ಬರೆದಿರಲಿಲ್ಲ. "ಚಿತ್ರಾ ತಗೀರಿ ಅಂದ್ರಿ, ತಗದ್ವಿ" ಎಂದರು. ರಾಮದುರ್ಗ ತಾಲೂಕಿನ ಕಟಕೋಳದಲ್ಲಿಯೂ ಹಾಗೇ ಆಯಿತು. ಮನೆಯ ಪಡಸಾಲೆಯಲ್ಲಿ ಚಾರ್ಟುಗಳನ್ನು ಹರವಿಕೊಂಡು ನಾನು ತಲೆಗೆ ಕೈಹೊತ್ತು ಕೂತಿದ್ದರೆ ಅತ್ತೆ ಕನ್ನಡಕ ಏರಿಸಿ, "ಈಕಿದು ಎಸಳ ಚಲೋ ಬಂದಾವ ನೋಡು" ಎಂದು ಒಂದಕ್ಕೆ ಬಹುಮಾನ ಕೊಟ್ಟರು. ವರದಿಯಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಸಂಯೋಜಕರು ಹೇಳಿದ್ದು: "ಸದಸ್ಯೆಯರು ಉತ್ಸಾಹದಿಂದ ಭಾಗವಹಿಸಿದರು ಅಂತ ಬರೀರಿ ಮೇಡಂ. ಸುಳ್ಳಂತೂ ಅಲ್ಲಲ್ಲ."

ಮೂರನೆಯ ಊರು ಮನೋಳಿ. ಸವದತ್ತಿ ತಾಲೂಕು, ಮಲಪ್ರಭೆಯ ದಂಡೆ. ಸಮುದಾಯ ಭವನದಲ್ಲಿ ಜಮಖಾನ ಹಾಸಿ ಕೂತಿದ್ದೆವು. ಬಾಗಿಲಿಗೆ ತೀರ ಹತ್ತಿರ, ಯಾರು ಕರೆದರೂ ಥಟ್ಟನೆ ಏಳಲು ಆಗುವಂತೆ ಒಂದು ಮೊಣಕಾಲು ಮೇಲೆತ್ತಿಕೊಂಡು ಕೂತಿದ್ದವಳು ನೀಲವ್ವ. ನಲವತ್ತು ದಾಟಿದ ಹೆಂಗಸು. ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿ ರಬ್ಬರ್ ಬ್ಯಾಂಡು ಹಾಕಿ ನಿಲ್ಲಿಸಿದ್ದಳು. ರೊಟ್ಟಿ ಬಡಿಯುವವರು ಹಾಗೆ ಮಾಡುತ್ತಾರೆ, ಬಳೆ ಹಿಟ್ಟಿಗೆ ತಾಗಬಾರದು ಎಂದು. ರೊಟ್ಟಿ ಮುಗಿದ ಮೇಲೂ ಇಳಿಸಲು ಮರೆತಿದ್ದಳು, ಅಥವಾ ಇಳಿಸಿ ಏನು ಮಾಡುವುದು ಎಂದು ಬಿಟ್ಟಿದ್ದಳೋ. ಎಲ್ಲರ ಚಾರ್ಟು ಬಂದವು. ನೀಲವ್ವನದು ಖಾಲಿ.

"ಯಾಕ ನೀಲವ್ವ, ಏನೂ ತಗೀಲಿಲ್ಲ?"

"ನೀವು ಏನ್ ಬೇಕಂತ ಕೇಳಿದ್ರಿ. ವಿಚಾರ ಮಾಡಾಕ ಕುಂತೆ. ಅಷ್ಟರಾಗ ಚಾ ಬಂತು. ಚಾ ಕುಡ್ಯೂದ್ರಾಗ ನೀವು ಟೈಮ್ ಆತು ಅಂದ್ರಿ."

"ಒಂದ ರಂಗೋಲಿನರ ಹಾಕಬೇಕಿಲ್ಲೋ" ಎಂದು ಪಕ್ಕದವಳು ತಿವಿದಳು.

"ರಂಗೋಲಿ ದಿನಾ ಹಾಕತೇನಿ. ಇವರು ಕೇಳಿದ್ದು ಬ್ಯಾರೆ." ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. "ಒಂದ ಸೀರಿ ತಗೋಬೇಕಂದ್ರ ಅಂಗಡ್ಯಾಗ ಅರ್ಧಾ ದಿವಸ ಕುಂತು ಆರಸ್ತೇವ್ರಿ ಅಕ್ಕೋರ. ಬಾಳೇವು ಆರಸಾಕ ಇಷ್ಟ ಹೊತ್ತು ಸಾಕಂತೀರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಾರ್ಟು ಮನೆಗೆ ಒಯ್ದು, ಸಮಯ ಸಿಕ್ಕಾಗ ವಿಚಾರ ಮಾಡಿ ನೋಡು ಎಂದೆ. "ಸಮಯ ಹಂಗ ಸಿಗಂಗಿಲ್ರಿ, ಯಾರರ ಕಡಿಂದ ಇಸಗೋಬೇಕಾಗತೈತಿ" ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿದಳು.

ಮುಂದಿನ ಪಕ್ಷದಲ್ಲಿ ನನ್ನ ಮೊಬೈಲಿಗೆ ಒಂದು ಕರೆ ಬಂತು. ಗಂಡಸಿನ ದಪ್ಪ ದನಿ.

"ಅಕ್ಕೋರೇನ್ರಿ? ನಾ ಮನೋಳಿ ಬಸಲಿಂಗಪ್ಪ. ನೀಲವ್ವ ನಮ್ಮ ತಮ್ಮನ ಹೇಣ್ತಿ. ಏನ್ ತುಂಬಿರಿ ಆಕಿ ತಲ್ಯಾಗ? ಸೋಮವಾರ ಒಲಿ ಹಚ್ಚಂಗಿಲ್ಲಂತ. ವಿಚಾರ ಮಾಡೂದೈತಂತ. ಮಗಳ ಲಗ್ನಾ ಮಾಡಿ ಕೊಟ್ಟಾಕಿ, ಇನ್ನ ಏನ್ ವಿಚಾರ ಮಾಡತಾಳ್ರಿ?"

ಕೋಪಕ್ಕಿಂತ ಗಾಬರಿಯೇ ಹೆಚ್ಚಿತ್ತು ಆ ದನಿಯಲ್ಲಿ. ಗಾಬರಿಗೆ ಕಾರಣವಿತ್ತು. ಬಸಲಿಂಗಪ್ಪ ಆ ಕೂಡುಕುಟುಂಬದ ಹಿರಿಯರು. ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ಉಗರಗೋಳದಲ್ಲಿ ಒಂದು ಜಾಗ ಹಿಡಿದು, ಗುಡ್ಡಕ್ಕೆ ಬರುವ ಭಕ್ತರಿಗಾಗಿ ಖಾನಾವಳಿ ತೆಗೆಯಲು ಹೊರಟಿದ್ದರು. ಖಾನಾವಳಿ ಎಂದರೆ ನಮ್ಮ ಕಡೆ ರೊಟ್ಟಿ ಊಟದ ಮನೆ: ಜೋಳದ ರೊಟ್ಟಿ, ಪಲ್ಯ, ಝುಣಕ, ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯ, ಉಳ್ಳಾಗಡ್ಡಿ. ಅಂಥ ಊಟ ನಿಲ್ಲುವುದು ರೊಟ್ಟಿಯ ಮೇಲೆ. ನೀಲವ್ವನ ರೊಟ್ಟಿಯನ್ನು ದೀಪಕ್ಕೆ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ ಎಂದು ಊರೇ ಹೇಳುತ್ತಿತ್ತು. ಆ ರೊಟ್ಟಿಯನ್ನು ನಂಬಿಯೇ ಅವರು ಮುಂದಾಗಿದ್ದು. ಆದರೆ ನೀಲವ್ವನನ್ನು ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಒಮ್ಮೆ ಆ ಒಲೆಯ ಮುಂದೆ ಕೂತರೆ ಉಳಿದ ಆಯುಷ್ಯ ಅಲ್ಲೇ ಎಂದು ಅವಳಿಗೆ ಗೊತ್ತಿತ್ತು. ಅವಳು ಬೇಡವೆಂದೂ ಅನ್ನಲಿಲ್ಲ. ತನಗೆ ಏನು ಬೇಕೆಂದು ತಿಳಿದುಕೊಳ್ಳಲು ವಾರಕ್ಕೊಂದು ದಿನ ಕೇಳಿದಳು, ಅಷ್ಟೇ.

ನಾನು ಮನೋಳಿಗೆ ಹೋದೆ. ಹೋಗಲೇಬೇಕೆಂದು ಕೈಪಿಡಿಯಲ್ಲೇನೂ ಇರಲಿಲ್ಲ. ಆದರೆ ಪ್ರಶ್ನೆ ಕೇಳಿ ಬಂದವಳು ನಾನು.

ಆ ಮನೆಯ ಪಡಸಾಲೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಸಗಣಿ ಸಾರಿಸಿದ ನೆಲ, ಗೂಟಕ್ಕೆ ತೂಗುಹಾಕಿದ ಬಾರುಕೋಲು, ಕಂಬಕ್ಕೆ ಒರಗಿ ಕೂತ ಬಸಲಿಂಗಪ್ಪ. ಅವರ ತಮ್ಮ, ನೀಲವ್ವನ ಗಂಡ ಈರಪ್ಪ, ಬಾಗಿಲ ಹತ್ತಿರ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದ. ಹಳೆಯ ಮನೆತನಗಳಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವುದಿಲ್ಲ. ಸೆರಗು ಹೊದ್ದು ಬಾಗಿಲ ಹಿಂದೆ ನಿಂತು, ನಡುವೆ ಇರುವವರಿಗೆ ಹೇಳುತ್ತಾಳೆ, ಅವರು ಮುಟ್ಟಿಸುತ್ತಾರೆ. ಇಲ್ಲಿ ನಡುವಿನವರು ಬಸಲಿಂಗಪ್ಪನ ಹೆಂಡತಿ ಗೌರವ್ವ. ಎಲ್ಲರೂ ಒಂದೇ ಪಡಸಾಲೆಯ ಅಳತೆಯಲ್ಲಿ ಇದ್ದೆವು, ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತಿತ್ತು, ಆದರೂ ಮಾತು ಗೌರವ್ವನನ್ನು ಸುತ್ತಿಕೊಂಡೇ ಹೋಗಬೇಕಾಗಿತ್ತು.

"ಸೋಮವಾರನ ಯಾಕ ಬೇಕಂತ ಕೇಳ ಆಕಿಗೆ" ಎಂದರು ಬಸಲಿಂಗಪ್ಪ.

ಬಾಗಿಲ ಹಿಂದಿನಿಂದ, "ಅಕ್ಕಾ, ಭಾವಾರಿಗೆ ಹೇಳು. ಸೋಮವಾರ ಎತ್ತು ಮನ್ಯಾಗ ಇರತಾವ. ಗಂಡಸರೂ ಮನ್ಯಾಗ ಇರತಾರ. ಅವತ್ತ ಹೊಲಕ್ಕ ಬುತ್ತಿ ಒಯ್ಯೂದಿರಂಗಿಲ್ಲ."

ಗೌರವ್ವ ಗಂಡನ ಕಡೆ ತಿರುಗಿದರು. "ಎತ್ತಿಗೆ ಸೋಮವಾರ ಐತಿ, ನನಗ್ಯಾಕ ಇಲ್ಲ ಅನ್ನಾಕತ್ತಾಳ."

"ನಾ ಹಂಗ ಅಂದಿಲ್ಲಕ್ಕಾ."

"ಅನ್ನಾಕಿ ಇದ್ದಿ. ನಾ ಸ್ವಲ್ಪ ಮುಂದ ಹೋಗಿ ನಿಂತೆ."

ಈ ಭಾಗದ ಒಕ್ಕಲುತನ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಬಿತ್ತನೆಯ ಹದ ಬಂದು ನೆಲ ಕಾಯುತ್ತಿದ್ದರೂ ಆ ದಿನ ನೊಗ ಗೋಡೆಗೆ ಒರಗಿರುತ್ತದೆ. ಬಸಲಿಂಗಪ್ಪ ಮೀಸೆ ಬಂದಾಗಿನಿಂದ ಆ ನೇಮ ಮುರಿದವರಲ್ಲ. ಅವರು ನಕ್ಕುಬಿಟ್ಟರು.

"ಎತ್ತಿಗೂ ಮನಷ್ಯಾರಿಗೂ ಸರಿ ಏನು?"

ಆಗ ಈರಪ್ಪ ಹೆಬ್ಬೆರಳಿನಿಂದ ಕಣ್ಣು ತೆಗೆಯದೆ, "ಎತ್ತಿಗಿಂತ ಕಡಿಮಿನೂ ಅಲ್ಲಲಾ ಅಣ್ಣಾ" ಎಂದ. ಅಷ್ಟು ಹೇಳಿ ದನದ ಕೊಟ್ಟಿಗೆ ಕಡೆ ನಡೆದುಬಿಟ್ಟ. ಅಂದು ಅವನು ಆಡಿದ್ದು ಅದೊಂದೇ ಮಾತು.

ಖಾನಾವಳಿ ತೆಗೆಯುವ ತನಕ ಸೋಮವಾರ ನೀಲವ್ವನ ಪಾಲಿಗೆ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಆ ದಿನದ ರೊಟ್ಟಿ ಗೌರವ್ವ ಬಡಿಯಬೇಕು. "ನನ್ನ ರೊಟ್ಟಿ ದಪ್ಪ ಆಕ್ಕಾವ, ಮೊದಲ ಹೇಳೇನಿ. ಆಮ್ಯಾಲೆ ಹಲ್ಲ ನೋಯಾಕತ್ತಾವ ಅಂದ್ರ ನಾ ಕೇಳಂಗಿಲ್ಲ" ಎಂದು ಅವರು ಅಲ್ಲಿಯೇ ಕರಾರು ಹಾಕಿದರು.

ಆ ಸೋಮವಾರಗಳ ಸುದ್ದಿ ನನಗೆ ಫೋನಿನಲ್ಲಿ ಬರುತ್ತಿತ್ತು. ಮೊದಲ ಸೋಮವಾರ ನೀಲವ್ವ ನಿದ್ದೆ ಮಾಡಿದಳು. ಬಿಸಿಲು ಅಂಗಳಕ್ಕೆ ಇಳಿದ ಮೇಲೂ ಮಲಗಿದ್ದವಳನ್ನು ಕಂಡು ಜ್ವರ ಬಂದಿದೆಯೆಂದು ಓಣಿಯವರು ನೋಡಲು ಬಂದರಂತೆ. ಎರಡನೆಯ ಸೋಮವಾರ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಹಳೆ ಸೀರೆ ಹರಿದು ಕೌದಿಗೆ ತುಂಡು ಆರಿಸುತ್ತ ಕೂತಳಂತೆ. "ಕುಂದ್ರೂದು ಬಾಳ ಕಷ್ಟ ಅಕ್ಕೋರ. ಕುಂತ ಕೂಡಲೇ ಒಂದ ಕೆಲಸ ನೆನಪ ಆಕ್ಕೈತಿ" ಎಂದಳು. ಮೂರನೆಯ ಸಲ ಒಬ್ಬಳೇ ಹೊಳೆಗೆ ಹೋದಳು. ಬಟ್ಟೆಯಿಲ್ಲದೆ, ಕೊಡವಿಲ್ಲದೆ ಹೊಳೆಗೆ ಹೊರಟ ಹೆಂಗಸನ್ನು ಕಂಡು ಮೂರು ಮನೆಯವರು ಕಾರಣ ಕೇಳಿದರು. ಮೂರಕ್ಕೂ ಬೇರೆ ಬೇರೆ ಉತ್ತರ ಕೊಟ್ಟೆ ಎಂದು ನಕ್ಕಳು.

ಖಾನಾವಳಿ ತೆಗೆಯುವ ಮುಂಚಿನ ಕಡೆಯ ಸೋಮವಾರ ನಾನೇ ಹೋದೆ. ಇಬ್ಬರೂ ಮಲಪ್ರಭೆಯ ಮೆಟ್ಟಿಲ ಮೇಲೆ ಕೂತೆವು. ನೀರು ತೆಳ್ಳಗೆ ಹರಿಯುತ್ತಿತ್ತು. ಅವಳ ಬಳೆಗಳು ಅವತ್ತು ಮಣಿಕಟ್ಟಿಗೆ ಇಳಿದಿದ್ದವು, ಕೈ ಅಲುಗಿದಾಗ ಸದ್ದಾಗುತ್ತಿತ್ತು. ನಾನು ಅವಳಿಗೆ ನಮ್ಮ ಕಾನ್ವೆಂಟಿನ ಸುದ್ದಿ ಹೇಳಿದೆ. ಮಧ್ಯಾಹ್ನದ ಊಟದ ಗಂಟೆಯಾದ ಮೇಲೆ ಸಿಸ್ಟರ್ ನಮ್ಮನ್ನೆಲ್ಲ ಡೆಸ್ಕಿನ ಮೇಲೆ ತಲೆಯಿಟ್ಟು ಕೆಲ ಹೊತ್ತು ಸುಮ್ಮನಿರಲು ಹೇಳುತ್ತಿದ್ದರು. ನಿದ್ದೆ ಮಾಡಬಾರದು, ಪ್ರಾರ್ಥನೆಯೂ ಅಲ್ಲ, ಸುಮ್ಮನಿರಬೇಕು. ಡೆಸ್ಕಿನ ಕಟ್ಟಿಗೆಗೆ ಕಿವಿಯಿಟ್ಟರೆ ನನ್ನ ಎದೆಬಡಿತವೇ ಕೇಳುತ್ತಿತ್ತು. ಪಾಲಿಶಿನ ವಾಸನೆ, ಕಿಟಕಿಯಾಚೆ ಒಂದು ಕಾಗೆ. ಮದುವೆಯಾದ ಮೇಲೆ ಹಾಗೆ ಸುಮ್ಮನಿದ್ದ ಹೊತ್ತು ನನಗೂ ನೆನಪಾಗಲಿಲ್ಲ.

"ಆವಾಗ ಏನ್ ವಿಚಾರ ಮಾಡತಿದ್ರಿ?" ನೀಲವ್ವ ಬಹಳ ಆಸ್ಥೆಯಿಂದ ಕೇಳಿದಳು.

"ಮನಿಗೆ ಹೋದ ಮ್ಯಾಲೆ ತಿನ್ನಾಕ ಏನ್ ಇರತೈತಿ ಅಂತ."

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ಮುಗಿಸಿ ತಾನು ಕಂಡುಕೊಂಡದ್ದನ್ನು ಹೇಳಿದಳು. ಮೊದಲಿಗೆ ಬೇಡವಾದದ್ದೇ ನೆನಪಾದವಂತೆ, ಸಾಲುಸಾಲು. ಅವು ಮುಗಿದ ಮೇಲೆ ತವರೂರು ಕಟಕೋಳ ನೆನಪಾಯಿತು. ಅಲ್ಲಿ ಅಪ್ಪನ ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಅವಳು ಬಿತ್ತುತ್ತಿದ್ದಳು. ಅವಳ ಕೈ ಸಮ, ಪೈರು ಒಂದೇ ಸಾಲಾಗಿ ಏಳುತ್ತಿತ್ತು, ಬೇರೆಯವರೂ ಬಿತ್ತಲು ಕರೆಯುತ್ತಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಅಡಿಗೆ ಅವಳ ಪಾಲಿಗೆ ಬಂತು. "ಹೊಲಕ್ಕ ದಿನಾ ಹೋಗತೇನ್ರಿ, ಬುತ್ತಿ ಹೊತಗೊಂಡು. ಉಣಿಸಿ ಹೊಳ್ಳಿ ಬರತೇನಿ. ಮಣ್ಣ ಮುಟ್ಟಂಗಿಲ್ಲ, ಕೈ ರಾಡಿ ಆದ್ರ ಮತ್ತ ರೊಟ್ಟಿಗೆ ಕುಂದ್ರಾಕ ತಡಾ ಆಕ್ಕೈತಿ."

ಹೊಳೆಯ ದಂಡೆಗೆ ಅವರದೇ ಒಂದು ತುಂಡು ಭೂಮಿ ಜಾಲಿ ಬೆಳೆದು ಬಿದ್ದಿತ್ತು. ಕೈಮಾಡಿ ತೋರಿಸಿದಳು. ಅದರಲ್ಲಿ ಮೆಂತ್ಯ, ಮೂಲಂಗಿ, ಬದನೆ ಬೆಳೆಯಬೇಕು. ಖಾನಾವಳಿಗೆ ಅಲ್ಲಿಂದಲೇ ಕಾಯಿಪಲ್ಲೆ ಹೋಗಬೇಕು. ಒಲೆಯ ಮುಂದೆ ಕೂರಲು ಇಬ್ಬರನ್ನು ತಯಾರು ಮಾಡಿ, ತಾನು ಮೆಲ್ಲಗೆ ಹೊಲಕ್ಕೆ ಸರಿಯಬೇಕು.

"ಅದನ್ನ ಚಾರ್ಟ್ ಮ್ಯಾಲೆ ತಗೀಬಹುದಲ್ಲ ನೀಲವ್ವ?"

"ಇನ್ನೂ ಪೂರಾ ಕಂಡಿಲ್ರಿ. ಅರ್ಧಾ ಕಂಡೈತಿ. ಸೋಮವಾರ ಹ್ವಾದ್ರ ಇದೂ ಹೊಕ್ಕೈತಿ."

ಉಗರಗೋಳದಲ್ಲಿ ಖಾನಾವಳಿ ಶುರುವಾಯಿತು. ಮಂಗಳವಾರ, ಶುಕ್ರವಾರ ಗುಡ್ಡಕ್ಕೆ ಜನ ಹೆಚ್ಚು, ಸೋಮವಾರ ಕಡಿಮೆ. ಹಾಗಾಗಿ ಸೋಮವಾರ ಬಾಗಿಲು ಹಾಕಲು ಬಸಲಿಂಗಪ್ಪ ಗೊಣಗಿಕೊಂಡೇ ಒಪ್ಪಿದರು. ಉಳಿದ ದಿನ ಸಂಜೆ ಟಂಟಂ ಆಟೋದಲ್ಲಿ ಮನೋಳಿಗೆ ಮರಳಿ, ಮರುದಿನ ಬೆಳಿಗ್ಗೆ ಮತ್ತೆ ಒಲೆ. ವಾರಕ್ಕೊಂದು ದಿನ ನೀಲವ್ವ ಜಾಲಿ ಕಡಿಸಿ ಕಾಯಿಪಲ್ಲೆಗೆ ಮಡಿ ಕಟ್ಟಿದಳು. ಎಲ್ಲವೂ ಹೇಗೋ ನಡೆಯುತ್ತಿತ್ತು. ಚಳಿಗಾಲದ ದೊಡ್ಡ ಹುಣ್ಣಿಮೆಯೊಂದು ಸೋಮವಾರ ಬರುವ ತನಕ.

ಆ ಹುಣ್ಣಿಮೆಗೆ ಗುಡ್ಡಕ್ಕೆ ಬರುವ ಜನಕ್ಕೆ ಅಳತೆಯಿಲ್ಲ. ಇಡೀ ವರ್ಷದ ವ್ಯಾಪಾರ ಆ ಎರಡು ಮೂರು ದಿನಗಳಲ್ಲಿ ಎಂದು ಅಲ್ಲಿನ ಅಂಗಡಿಯವರು ಹೇಳುತ್ತಾರೆ. ಬಸಲಿಂಗಪ್ಪ ಮತ್ತೆ ನನಗೆ ಫೋನು ಮಾಡಿದರು. "ನಿಮ್ಮ ಮಾತ ಕೇಳತಾಳ. ಒಂದ ದಿನದ ಮಾತ ಐತಿ, ಹೇಳಿ ಹೋಗ್ರಿ." ಅವರ ಮೇಲೆ ನನಗೆ ಕನಿಕರವೂ ಇತ್ತು. ರೊಟ್ಟಿ ಸುಡುವ ಹೊಸ ಹಂಚಿನ ಕಪ್ಪು ಇನ್ನೂ ಗಟ್ಟಿಯಾಗಿರಲಿಲ್ಲ. ಮೊದಲ ದೊಡ್ಡ ಹುಣ್ಣಿಮೆಯಲ್ಲೇ ಬಾಗಿಲು ಮುಚ್ಚಿದರೆ ಆ ಗಿರಾಕಿ ಮತ್ತೆ ತಿರುಗಿ ನೋಡುವುದಿಲ್ಲ. ಆದರೆ ಇದೊಂದು ಸೋಮವಾರ ಬಿಟ್ಟರೆ ಮುಂದಿನ ಪ್ರತಿ ಸೋಮವಾರಕ್ಕೂ ಒಂದು ಕಾರಣ ಹುಟ್ಟುತ್ತದೆ ಎಂಬುದು ನೀಲವ್ವನಿಗೆ ಗೊತ್ತಿತ್ತು. ಮನೆ ನಡೆಸಿದ ನನಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ನಾನು ಉಗರಗೋಳ ತಲುಪಿದಾಗ ಖಾನಾವಳಿಯಲ್ಲಿ ಊಟದ ಗದ್ದಲ ಇಳಿದಿತ್ತು. ನೀಲವ್ವ ಹಂಚು ಒರೆಸುತ್ತಿದ್ದಳು. ಬಸಲಿಂಗಪ್ಪ ಎಂದಿನಂತೆ ಹೆಂಡತಿಯ ಕಡೆ ತಿರುಗಿ, "ಹೇಳ ಆಕಿಗೆ. ನಾಳೆ ಒಂದ ದಿನ" ಎಂದರು.

ಗೌರವ್ವ ಎಲೆ ಅಡಿಕೆ ಚೀಲದ ಗಂಟು ಬಿಚ್ಚುತ್ತ ಕೂತಿದ್ದವರು ತಲೆ ಎತ್ತಲಿಲ್ಲ. "ನಾ ಈ ಸಲ ನಡುವ ಬರಂಗಿಲ್ಲ. ಇಬ್ಬರಿಗೂ ದೇವರು ಕಿವಿ ಕೊಟ್ಟಾನ."

ನೀಲವ್ವ ಕೈ ಒರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ನೆಲ ನೋಡುತ್ತ ಮೊದಲ ಸಲ ನೇರವಾಗಿ ಮಾತಾಡಿದಳು.

"ಭಾವಾರ, ನಾಳೆ ಹುಣ್ಣಿಮಿ ಅಂತ ಎತ್ತಿನ ಹೆಗಲಿಗೆ ನೊಗಾ ಇಡತೀರೇನ್ರಿ?"

ಬಸಲಿಂಗಪ್ಪನಿಗೆ ಆ ದನಿ ಇಷ್ಟು ಹತ್ತಿರದಿಂದ ಕೇಳಿ ರೂಢಿಯಿರಲಿಲ್ಲ. ಹೊರಗೆ ಕೈ ತೋರಿಸಿದರು. "ಅಷ್ಟ ಮಂದಿ ಚಕ್ಕಡಿ ಹೂಡಕೊಂಡು ಗುಡ್ಡಕ್ಕ ಬಂದಾರಲ್ಲ. ಅವೇನು ಎತ್ತಲ್ಲ?"

"ಬಂದಾರ್ರಿ. ನಿನ್ನೆ ಬಂದಾರ, ಇವತ್ತ ಬಂದಾರ. ನಾಳೆ ಮುಂಜಾನಿ ಹೋಗಿ ನೋಡ್ರಿ. ಒಂದ ಚಕ್ಕಡಿ ಹೂಡಿದ್ದು ಕಂಡ್ರೂ ಬಂದ ಹೇಳ್ರಿ. ನಾ ಒಲಿ ಹಚ್ಚತೇನಿ. ಇನ್ನ ಮ್ಯಾಲೆ ಸೋಮವಾರನೂ ಕೇಳಂಗಿಲ್ಲ."

ಇಷ್ಟು ದೊಡ್ಡ ಜನಜಂಗುಳಿ, ಎಲ್ಲೆಲ್ಲಿಂದಲೋ ಬಂದ ಗಾಡಿಗಳು. ಈಗಿನ ಕಾಲದಲ್ಲಿ ನೇಮ ನಿಷ್ಠೆ ಯಾರಿಗಿದೆ, ಯಾರಾದರೂ ಒಬ್ಬರು ಹೂಡಿಯೇ ಹೂಡುತ್ತಾರೆ. ಸುಮ್ಮನೆ ಒಂದು ದಿನ ಬಿಟ್ಟುಕೊಟ್ಟಿದ್ದರೆ ಸಾಕಿತ್ತು, ಈಗ ಎಲ್ಲವನ್ನೂ ಪಣಕ್ಕಿಟ್ಟಳಲ್ಲ ಎನಿಸಿತು. ಗೌರವ್ವನೂ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ್ದರು. ಬಸಲಿಂಗಪ್ಪ, "ಅಕ್ಕೋರ, ನೀವೂ ಬರ್ರಿ. ನಾಳೆ ನಾ ಸುಳ್ಳ ಹೇಳಿದೆ ಅನ್ನಬಾರದು" ಎಂದರು.

ಸವದತ್ತಿಯ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಬಂದೆ. ಬಯಲಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಬಸಲಿಂಗಪ್ಪ ಕಂಬಳಿ ಹೊದ್ದು ಮುಂದೆ, ನಾನು ಶಾಲು ಹೊದ್ದು ಹಿಂದೆ. ಟ್ರ್ಯಾಕ್ಟರುಗಳೇ ಹೆಚ್ಚು, ನಡುನಡುವೆ ಚಕ್ಕಡಿಗಳು. ಪ್ರತಿ ಚಕ್ಕಡಿಯ ನೊಗ ನೆಲಕ್ಕೆ ಬಾಗಿತ್ತು. ಎತ್ತುಗಳು ಬೇವಿನ ಮರಗಳ ಬುಡದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಕೋಡಿಗೆ ಹಚ್ಚಿದ ಬಣ್ಣದ ಮೇಲೆ ಇಬ್ಬನಿ ಕೂತಿತ್ತು. ಕೊರಳ ಗಂಟೆಗಳು ತಲೆ ಆಡಿಸಿದಾಗ ಮಾತ್ರ ಒಮ್ಮೆ ಸದ್ದು ಮಾಡಿ ಸುಮ್ಮನಾಗುತ್ತಿದ್ದವು. ಬಸಲಿಂಗಪ್ಪ ಸಾಲಿನಿಂದ ಸಾಲಿಗೆ ನಡೆದರು. ನಾನು ಒಳಗೊಳಗೇ ಉಸಿರು ಬಿಡುತ್ತಿದ್ದೆ.

ಬಯಲಿನ ತುದಿಗೆ ಬಂದಾಗ ಮಂಜಿನಲ್ಲಿ ಒಂದು ಚಕ್ಕಡಿ ಚಲಿಸುತ್ತಿರುವುದು ಕಂಡಿತು. ಗಾಲಿಯ ಕಿರುಗುಟ್ಟುವ ಸದ್ದು ಸ್ಪಷ್ಟವಾಗಿ ಕೇಳಿತು. ಬಸಲಿಂಗಪ್ಪ ಗಕ್ಕನೆ ನಿಂತು ನನ್ನ ಕಡೆ ನೋಡಿದರು. ಅವರು ಕಂಬಳಿ ಎತ್ತಿಕಟ್ಟಿ ದಾಪುಗಾಲು ಹಾಕಿದರು, ನಾನೂ ಓಡಿದೆ.

ಹತ್ತಿರ ಹೋದರೆ ನೊಗದಲ್ಲಿ ಎತ್ತುಗಳಿರಲಿಲ್ಲ. ನೊಗದ ಆ ಬದಿಗೆ ಇಬ್ಬರು, ಈ ಬದಿಗೆ ಇಬ್ಬರು, ನಾಲ್ಕು ಮಂದಿ ಗಂಡಸರು ಎದೆ ಕೊಟ್ಟು ಗಾಡಿ ಎಳೆಯುತ್ತಿದ್ದರು. ರಾತ್ರಿ ಗಾಡಿ ಬಿಟ್ಟ ಜಾಗದಲ್ಲಿ ಮಂದಿ ಮಿಂದ ನೀರು ಹರಿದು ಕೆಸರಾಗಿತ್ತಂತೆ, ಒಣಗಿದ ಕಡೆಗೆ ಸರಿಸುತ್ತಿದ್ದರು. ಹಿಂದೆ ಒಬ್ಬ ಹೆಂಗಸು ಎರಡೂ ಎತ್ತುಗಳ ಹಗ್ಗ ಹಿಡಿದು ನಡೆಸಿಕೊಂಡು ಬರುತ್ತಿದ್ದಳು.

"ಎತ್ತು ಇದ್ದೂ ನೀವ ಯಾಕ ಎಳ್ಯಾಕತ್ತೀರಿ?" ಬಸಲಿಂಗಪ್ಪ ಕೇಳಿದರು.

ಆ ಮನುಷ್ಯ ಬೆವರಿನ ಮುಖ ಎತ್ತಿ, ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದ. "ಸೋಮವಾರ ಅಲ್ಲೇನ್ರಿ?"

ಬಸಲಿಂಗಪ್ಪ ಕಂಬಳಿಯನ್ನು ನನ್ನ ಕೈಗೆ ಕೊಟ್ಟು, ಗಾಲಿಗೆ ಹೆಗಲು ಹಚ್ಚಿ ನೂಕಿದರು. ಗಾಡಿ ಒಣನೆಲ ಮುಟ್ಟುವ ತನಕ ನೂಕಿ, ಕೈ ಝಾಡಿಸಿಕೊಂಡು ಬಂದರು.

ಖಾನಾವಳಿಯ ಹೊರಗೆ ನೀಲವ್ವ ಕಟ್ಟೆಯ ಮೇಲೆ ಕೂತಿದ್ದಳು. ಒಲೆಗೆ ಕಟ್ಟಿಗೆ ಒಟ್ಟಿತ್ತು, ಬೆಂಕಿ ಇಟ್ಟಿರಲಿಲ್ಲ. ಸೋತರೆ ಹಚ್ಚಲು ತಯಾರಾಗಿಯೇ ಕೂತಿದ್ದಳು. ಬಸಲಿಂಗಪ್ಪ ಅವಳ ಮುಂದೆ ಹಾದು ಒಳಗೆ ಹೋದರು. ಧೋತರ ಮೇಲೆತ್ತಿ ಕಟ್ಟಿ, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಾವೇ ಕಡ್ಡಿ ಗೀರಿದರು. ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತ, ಯಾರನ್ನೂ ನಡುವೆ ಇಟ್ಟುಕೊಳ್ಳದೆ ನೀಲವ್ವನಿಗೇ ಹೇಳಿದರು:

"ನೀ ಹೊಲಕ್ಕ ಹೋಗವಾ. ಇವತ್ತ ನಾವ ಎಳೀತೇವಿ."

ಅಂದು ಗೌರವ್ವ ರೊಟ್ಟಿ ಬಡಿದರು, ಬಸಲಿಂಗಪ್ಪ ಬೇಯಿಸಿದರು, ಈರಪ್ಪ ಬಡಿಸಿದ. ನಾನು ಉಳ್ಳಾಗಡ್ಡಿ ಹೆಚ್ಚಿದೆ. ರೊಟ್ಟಿ ಅಂಗೈ ದಪ್ಪ. ಒಬ್ಬ ಭಕ್ತರು, "ಏನ್ ಗೌಡ್ರ, ರೊಟ್ಟಿ ಮಾಡೀರೋ ಹಂಚ ಮಾಡೀರೋ" ಎಂದರೆ ಗೌರವ್ವ ಒಳಗಿನಿಂದಲೇ, "ಹಲ್ಲ ಗಟ್ಟಿ ಇದ್ದವರ ಬರಬೇಕಿತ್ತು" ಎಂದರು. ವ್ಯಾಪಾರ ಅಂದುಕೊಂಡಷ್ಟು ಆಗಲಿಲ್ಲ. ಆದರೆ ಬಾಗಿಲು ಮುಚ್ಚಲಿಲ್ಲ, ನೀಲವ್ವನ ಸೋಮವಾರವೂ ಹೋಗಲಿಲ್ಲ.

ಮುಂದೆ ನೀಲವ್ವ ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ರೊಟ್ಟಿ ಕಲಿಸಿದಳು. ಮೊದಲು ಒಂದು ದಿನ, ಆಮೇಲೆ ಎರಡು ದಿನ ಒಲೆ ಅವರ ಕೈಗೆ ಹೋಯಿತು. ಹೋದ ವರ್ಷ ಎಲ್ಲಮ್ಮನ ದರ್ಶನಕ್ಕೆ ಹೋದವಳು ಮನೋಳಿಗೂ ಹೋಗಿ ಬಂದೆ. ನೀಲವ್ವ ಹೊಳೆದಂಡೆಯ ಮಡಿಯಲ್ಲಿ ಮೆಂತ್ಯ ಕೀಳುತ್ತಿದ್ದಳು. ಮೊಣಕೈವರೆಗೂ ಮಣ್ಣು. "ಕುಂದರ್ರಿ ಅಕ್ಕೋರ, ಇದೊಂದ ಸಾಲ ಮುಗಿಸ್ತೇನಿ" ಎಂದಳೇ ಹೊರತು ಕೆಲಸ ನಿಲ್ಲಿಸಲಿಲ್ಲ. ನಾನೂ ಬದುವಿನ ಮೇಲೆ ಸುಮ್ಮನೆ ಕೂತೆ. ಬಹಳ ವರ್ಷಗಳ ನಂತರ ಯಾವ ಕೆಲಸವೂ ನೆನಪಾಗದೆ ಕೂತೆ.

ಉಗರಗೋಳದ ಆ ಬೆಳಗಿನ ನಂತರ ನಾನು ವಿಷನ್ ಎಕ್ಸರ್‌ಸೈಜನ್ನು ಕೈಪಿಡಿಯಲ್ಲಿದ್ದಂತೆ ಮಾಡಿಸಲಿಲ್ಲ. ಸಂಯೋಜಕರು, "ಒಂದ ಮಧ್ಯಾಹ್ನದಾಗ ಮುಗಿಯೋ ಕೆಲಸಕ್ಕ ಎರಡ ತಿಂಗಳ ಬೇಕಂತೀರಲ್ಲ ಮೇಡಂ" ಎಂದು ಬಹಳ ಸಲ ಹೇಳಿದರು. ಅವರ ಕಷ್ಟ ಅವರಿಗಿತ್ತು, ವರದಿ ಮೇಲಕ್ಕೆ ಹೋಗಬೇಕು. ನಾನು ಮೊದಲ ಭೇಟಿಯಲ್ಲಿ ಚಾರ್ಟು, ಪೆನ್ನು ಹೊರಗೆ ತೆಗೆಯುವುದನ್ನೇ ಬಿಟ್ಟೆ. ಯಾವ ಹೊತ್ತು ನಿಮ್ಮದು ಎಂದು ಮೊದಲು ಕೇಳುತ್ತಿದ್ದೆ. ಯಾವುದೂ ಇಲ್ಲ ಎಂದರೆ ಮನೆಯವರನ್ನೂ ಕರೆಸಿ ಕೂರಿಸಿ, ಒಂದು ಹೊತ್ತನ್ನು ಗೊತ್ತು ಮಾಡಿಸುತ್ತಿದ್ದೆ. ಕೆಲವು ಮನೆಗಳಲ್ಲಿ ಅದೂ ಆಗಲಿಲ್ಲ. ಆದ ಕಡೆ, ವಾರಗಳು ಕಳೆದ ಮೇಲೆ ಬಂದ ಚಾರ್ಟುಗಳಲ್ಲಿ ರಂಗೋಲಿ ಕಡಿಮೆಯಾಗಿತ್ತು. ಒಬ್ಬಾಕೆ ಬರಿಯ ಒಂದು ಕಿಟಕಿ ಬಿಡಿಸಿದ್ದಳು, ಅದರ ಕೆಳಗೆ ಒಂದು ಹೊಲಿಗೆ ಯಂತ್ರ. ಇನ್ನೊಬ್ಬಳು ತಾನೊಬ್ಬಳೇ ಬಸ್ಸಿನಲ್ಲಿ ಕೂತಿರುವುದನ್ನು.

ಆ ಕೆಲಸ ಬಿಟ್ಟು ಈಗ ಮತ್ತೆ ಮನೆಯಲ್ಲಿದ್ದೇನೆ. ಅದು ನನಗೆ ಕಲಿಸಿದ್ದು ದೊಡ್ಡದೇನಲ್ಲ. ಬದುಕು ಹೇಗಿರಬೇಕೆಂದು ಒಬ್ಬ ಹೆಣ್ಣುಮಗಳನ್ನು ಕೇಳುವುದು ಸುಲಭ. ಕೇಳಿದ ಮೇಲೆ, ಅವಳು ವಿಚಾರ ಮಾಡಿ ಮುಗಿಸುವ ತನಕ ಆ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂಬುದನ್ನೂ ಕೇಳಬೇಕು.